ಗಂಡು ಗೇರ್

"ಇದು ಜರಗೋ ಮಾತಲ್ಲ ಮೇಡಮ್ಮ" ಎಂದು ಮೊದಲ ದಿನವೇ ಹೇಳಿದವರು ಮುನಿರಾಜಪ್ಪ. ನನ್ನ ವಿದ್ಯಾರ್ಥಿನಿ ಪವಿತ್ರಳ ಸೋದರಮಾವ. ಕೊರೊನಾ ಕಳೆದು ಕಾಲೇಜುಗಳು ಮತ್ತೆ ಸರಿಯಾಗಿ ನಡೆಯತೊಡಗಿದ್ದ ಕಾಲ ಅದು. ನಾನು ಚಿಕ್ಕಬಳ್ಳಾಪುರದ ಒಂದು ಪದವಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕಿಯಾಗಿದ್ದೆ. ಪವಿತ್ರ ಬಿ.ಎ. ಕೊನೆಯ ವರ್ಷದಲ್ಲಿದ್ದಳು. ಅವಳ ತಂದೆ ಕುಡುಮಲಕುಂಟೆಯ ಕಾರ್ಖಾನೆಯಲ್ಲಿ ಪಾಳಿ ಕೆಲಸದವರು, ಅಲ್ಲೇ ರೂಮು ಮಾಡಿಕೊಂಡಿದ್ದರು. ಹಾಗಾಗಿ ತಾಯಿ ಮಗಳು ಇದ್ದದ್ದು ನಂದಿಯಲ್ಲಿ, ದ್ರಾಕ್ಷಿ ತೋಟದ ಮಾವನ ಮನೆಯಲ್ಲಿ. ಆ ಮನೆಯಲ್ಲಿ ಮಾವನ ಮಾತೇ ಕೊನೆಯ ಮಾತು.

ನಾನು ಕೇಳಲು ಹೋಗಿದ್ದು ಇಷ್ಟೇ: ಅಂತರಕಾಲೇಜು ಸೈಕಲ್ ರೇಸಿಗೆ ಹುಡುಗಿಯನ್ನು ಕಳಿಸಿಕೊಡಿ. ಅದರಲ್ಲಿ ಮೊದಲು ಗುರಿ ಮುಟ್ಟುವ ನಾಲ್ವರಿಗೆ ವಿಶ್ವವಿದ್ಯಾಲಯದ ತಂಡದಲ್ಲಿ ಜಾಗ. ತಂಡದಲ್ಲಿ ಆಡಿದ ಪ್ರಮಾಣಪತ್ರವಿದ್ದರೆ ದೈಹಿಕ ಶಿಕ್ಷಣದ ಬಿ.ಪಿ.ಎಡ್. ಸೀಟಿಗೆ ಕ್ರೀಡಾ ಕೋಟಾದ ಬಾಗಿಲು ತೆರೆಯುತ್ತದೆ. ಪವಿತ್ರಳಿಗೆ ನನ್ನ ಹಾಗೆ ಮೈದಾನದ ಮೇಡಂ ಆಗಬೇಕೆಂಬ ಆಸೆ.

ಮುನಿರಾಜಪ್ಪ ಯೋಚಿಸಿ ಹೇಳಿದರು: "ನೀವು ಮನೆವರ್ಗೂ ಬಂದಿದ್ದೀರ, ಇಲ್ಲ ಅನ್ನಲ್ಲ. ಟೀಮಿಗೆ ಸೆಲೆಕ್ಟ್ ಆದ್ರೆ ಓದ್ಲಿ. ಆಗ್ಲಿಲ್ವಾ, ಚಿಂತಾಮಣಿ ಕಡೆಯಿಂದ ಒಂದು ಸಂಬಂಧ ಬಂದದೆ. ಆಷಾಢ ಕಳೀತಿದ್ದಂಗೆ ಮುಗಿಸ್ಬಿಡಣ."

ಜರಗದು ಅನ್ನುವ ಮಾತು ನನಗೆ ಹೊಸದಲ್ಲ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಮನೆಯಲ್ಲಿ ಹುಟ್ಟಿದವಳು ನಾನು. ಅಪ್ಪ ಬಿಸಿನೀರಿನ ಬಾಣಲೆಯಲ್ಲಿ ಗೂಡು ಬೇಯಿಸಿ ಎಳೆ ಹಿಡಿಯುತ್ತಿದ್ದರು, ಅಮ್ಮ ಚರಕ ತಿರುಗಿಸುತ್ತಿದ್ದಳು. ನಮ್ಮ ವಂಶದಲ್ಲಿ ಪದವಿಯ ಮುಖ ಮೊದಲು ಕಂಡವಳು ನಾನೇ. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಾರೂ ಕೊಟ್ಟದ್ದಲ್ಲ, ಕಿತ್ತುಕೊಂಡದ್ದು. ಆದ್ದರಿಂದ ಮುನಿರಾಜಪ್ಪನವರ ಮಾತು ಕೇಳಿ ನಾನು ಹೆದರಲಿಲ್ಲ. ಹೆದರಬೇಕಿತ್ತು.

ಒಂದು ಮಾತನ್ನು ಅವರ ಪರವಾಗಿಯೂ ಹೇಳಬೇಕು. ಸೈಕಲ್ ಕೊಡಿಸಿದವರು ಅವರೇ. ನಂದಿ ಬೆಟ್ಟಕ್ಕೆ ಶನಿವಾರ, ಭಾನುವಾರ ಬೆಂಗಳೂರಿನಿಂದ ಬರುವ ಸವಾರರಲ್ಲಿ ಒಬ್ಬರು ಮಾರಲಿಟ್ಟಿದ್ದ ಹಳೆಯ ರೋಡ್ ಬೈಕನ್ನು ಚೌಕಾಸಿ ಮಾಡದೆ ತಂದು ನಿಲ್ಲಿಸಿದರು. "ನಮ್ಮನೆ ಹುಡುಗಿ ಇನ್ನೊಬ್ಬರ ಸೈಕಲ್ ಕೇಳ್ಕೊಂಡು ನಿಂತ್ಕೋಬಾರ್ದು" ಎಂಬುದು ಅವರ ಕಾರಣ. ಮಾನದ ವಿಷಯ ಬಂದರೆ ಅವರ ಕೈ ದೊಡ್ಡದು. ಮುಂದೆ ಆದದ್ದೂ ಆ ಮಾನದಿಂದಲೇ.

ಇಲ್ಲಿ ಗೇರಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ರೋಡ್ ಬೈಕಿನ ಹಿಂದಿನ ಚಕ್ರದಲ್ಲಿ ಹಲ್ಲುಚಕ್ರಗಳ ಒಂದು ಗೊಂಚಲು ಇರುತ್ತದೆ. ಅದಕ್ಕೆ ಕ್ಯಾಸೆಟ್ ಎನ್ನುತ್ತಾರೆ. ಪವಿತ್ರಳ ಸೈಕಲ್ಲಿನಲ್ಲಿ ಎಂಟು ಹಲ್ಲುಚಕ್ರಗಳಿದ್ದವು. ಅತಿ ಚಿಕ್ಕದಕ್ಕೆ ಹನ್ನೊಂದು ಹಲ್ಲು, ಅತಿ ದೊಡ್ಡದಕ್ಕೆ ಮೂವತ್ತೆರಡು. ಚೈನು ಚಿಕ್ಕದರ ಮೇಲಿದ್ದರೆ ತುಳಿಯುವುದು ಭಾರ, ಆದರೆ ಒಂದು ಸುತ್ತಿಗೆ ಸೈಕಲ್ ದೂರ ಹೋಗುತ್ತದೆ. ದೊಡ್ಡದರ ಮೇಲಿದ್ದರೆ ತುಳಿತ ಹಗುರ, ಹೋಗುವ ದೂರ ಕಡಿಮೆ. ಏರಿಗೆ ಬೇಕಾದದ್ದು ಆ ದೊಡ್ಡದು. ಒಂದು ನಿಮಿಷಕ್ಕೆ ಪೆಡಲ್ ಎಷ್ಟು ಸುತ್ತು ತಿರುಗುತ್ತದೆ ಎಂಬುದು ಕೇಡೆನ್ಸ್. ಎಲ್ಲರಿಗೂ ಒಂದೇ ಲೆಕ್ಕ ಒಗ್ಗುವುದಿಲ್ಲ. ಪವಿತ್ರಳ ಕಾಲಿಗೆ ಸಮತಟ್ಟಿನಲ್ಲಿ ತೊಂಬತ್ತರ ಆಸುಪಾಸು, ಏರಿನಲ್ಲಿ ಎಂಬತ್ತು ಹಿತವಾಗಿತ್ತು. ಅರವತ್ತಕ್ಕೆ ಇಳಿದರೆ ಕಾಲಿನ ಸ್ನಾಯು ಬೇಗ ಸೋಲುತ್ತಿತ್ತು, ಮಂಡಿ ಹಿಡಿದುಕೊಳ್ಳುತ್ತಿತ್ತು.

ಇದನ್ನು ಅವಳಿಗೆ ಕಲಿಸಲು ನಾನು ಪುಸ್ತಕ ತೆರೆಯಲಿಲ್ಲ. ಅಮ್ಮನ ಚರಕ ನೆನಪಿಗೆ ಬಂತು. ಅವಸರದಲ್ಲಿ ತಿರುಗಿಸಿದರೆ ಎಳೆ ಹರಿಯುತ್ತದೆ, ತಡೆದು ತಡೆದು ತಿರುಗಿಸಿದರೆ ನೂಲು ಗಂಟುಗಂಟಾಗುತ್ತದೆ. ಬೆಳಗಿನಿಂದ ಸಂಜೆವರೆಗೆ ತೋಳು ಸೋಲದೆ ಒಂದೇ ಹದದಲ್ಲಿ ಸುತ್ತಬೇಕು. "ಕಾಲಿನ ಹದ ಕೆಡಿಸ್ಬೇಡ. ರಸ್ತೆ ಏರ್ತಿದ್ದಂಗೆ ಗೇರ್ ಬದಲಾಯ್ಸು, ಕಾಲು ಹಂಗೇ ಇರ್ಲಿ" ಎಂದೆ. ಮೊದಲ ಕೆಲವು ವಾರ ಅವಳೂ ಎಲ್ಲರಂತೆ ಭಾರದ ಗೇರಿನಲ್ಲಿ ಎದ್ದುನಿಂತು ತುಳಿಯುತ್ತಿದ್ದಳು. ಆಮೇಲೆ ಹದ ಸಿಕ್ಕಿತು. ಒಂದು ಬೆಳಿಗ್ಗೆ ಬೆಟ್ಟದ ತುದಿ ಮುಟ್ಟಿ, ಇಳಿದು, "ಮೇಡಂ, ಇನ್ನೊಂದ್ಸಲ ಹತ್ಲಾ?" ಎಂದು ಕೇಳಿದಳು. ಈ ಹುಡುಗಿ ನಾಲ್ವರೊಳಗೆ ಬರುತ್ತಾಳೆಂದು ಅಂದೇ ಬರೆದಿಟ್ಟುಕೊಂಡೆ.

ಆದರೆ ಊರಿನ ಕಣ್ಣಿಗೆ ಕಂಡದ್ದೇ ಬೇರೆ. ಹಗುರ ಗೇರಿನಲ್ಲಿ ಕಾಲು ಗಿರಗಿರ ತಿರುಗುತ್ತದೆ, ಸೈಕಲ್ ನಿಧಾನ ಹೋದಂತೆ ಕಾಣುತ್ತದೆ. ಟೀ ಅಂಗಡಿಯ ಮುಂದೆ ಕೂತವರಿಗೆ ಅದೇ ತಮಾಷೆ. "ಏನಮ್ಮಾ ಪವಿತ್ರ, ಕಾಲು ಮಿಕ್ಸಿ ತಿರುಗ್ದಂಗೆ ತಿರುಗ್ತದೆ, ಸೈಕಲ್ ನೋಡಿದ್ರೆ ಎತ್ತಿನಗಾಡಿ!" ಇನ್ನೊಬ್ಬ ಮುನಿರಾಜಪ್ಪನವರನ್ನೇ ಹಿಡಿದನಂತೆ: "ಅಣ್ಣಾ, ನಿಮ್ಮ ಹುಡುಗೀದು ಹೆಂಗಸ್ರ ಗೇರಂತಲ್ಲ?" ಪವಿತ್ರ ಇದನ್ನು ನನಗೆ ನಗುತ್ತ ಹೇಳಿದಳು. ನಾನೂ ನಕ್ಕೆ. ಮಾವ ನಕ್ಕಿರಲಿಲ್ಲ.

ರೇಸಿಗೆ ಮುಂಚೆ ಎರಡು ದಿನ ಕಾಲಿಗೆ ವಿಶ್ರಾಂತಿ ಕೊಡು, ಸೈಕಲ್ ಮುಟ್ಟಬೇಡ ಎಂದಿದ್ದೆ. ರೇಸಿನ ಬೆಳಿಗ್ಗೆ ಮುನಿರಾಜಪ್ಪ ತರಕಾರಿ ಸಾಗಿಸುವ ತಮ್ಮ ಗಾಡಿಯಲ್ಲಿ ಸೈಕಲ್ ತಂದು ಇಳಿಸಿದರು. ಚೈನು, ಚಕ್ರ ಎಲ್ಲ ಫಳಫಳ.

"ಟೌನಲ್ಲಿ ಸರ್ವಿಸ್ ಮಾಡ್ಸಿದ್ದೀನಿ ಮೇಡಮ್ಮ. ಇವತ್ತು ನಮ್ಮೂರ ಮುಂದೇನೇ ಹಾಯ್ತದಲ್ಲ ರೇಸು."

"ಒಳ್ಳೇದು ಮಾಡಿದ್ರಿ" ಎಂದು ಕೈಮುಗಿದೆ. ಬ್ರೇಕ್ ಹಿಡಿದು ನೋಡಿದೆ, ಟಯರಿನ ಗಾಳಿ ನೋಡಿದೆ. ಸರಿಯಾಗಿತ್ತು.

ಚಿಕ್ಕಬಳ್ಳಾಪುರದ ಹೊರಗೆ ಶುರುವಾದ ರೇಸು ನಂದಿಯ ಮುಂದೆ ಹಾಯ್ದು ಬೆಟ್ಟ ಹತ್ತಿ ಮುಗಿಯಬೇಕು. ನಾನು ಮೊದಲೇ ಹೋಗಿ ಬೆಟ್ಟದ ಒಂದು ಕಡಿದಾದ ತಿರುವಿನಲ್ಲಿ ನಿಂತೆ. ಬುಡದಲ್ಲಿದ್ದ ಸಹೋದ್ಯೋಗಿ ಫೋನ್ ಮಾಡಿದರು: "ಮುಂದಿನ ಗುಂಪಲ್ಲಿ ಮೂವರು, ನಿಮ್ಮ ಹುಡುಗಿ ಅದರಲ್ಲಿದ್ದಾಳೆ. ಊರೋರೆಲ್ಲ ಶಿಳ್ಳೆ ಹೊಡೀತಿದ್ದಾರೆ." ನನ್ನ ಎದೆ ಉಬ್ಬಿತು.

ತಿರುವಿಗೆ ಮೊದಲು ಬಂದವಳು ಬೇರೆ ಕಾಲೇಜಿನವಳು. ಎರಡನೆಯವಳೂ ಬೇರೆ. ಮೂರು, ನಾಲ್ಕು. ಆಮೇಲೆ ಪವಿತ್ರ ಕಂಡಳು. ನಾನು ಕಲಿಸಿದ ಸವಾರಿ ಅದಾಗಿರಲಿಲ್ಲ. ಸೀಟಿನಿಂದ ಎದ್ದು, ಸೈಕಲ್ಲನ್ನು ಎಡಕ್ಕೆ ಬಲಕ್ಕೆ ವಾಲಿಸುತ್ತ, ಒಂದೊಂದು ಪೆಡಲಿನ ಮೇಲೂ ಇಡೀ ಮೈಭಾರ ಹೇರಿ ತುಳಿಯುತ್ತಿದ್ದಳು. ಕಾಲು ನಿಮಿಷಕ್ಕೆ ಐವತ್ತು ಸುತ್ತೂ ತಿರುಗುತ್ತಿರಲಿಲ್ಲ.

"ಗೇರ್ ಇಳಿಸೇ! ಪವಿತ್ರಾ, ಗೇರ್ ಇಳಿಸು!" ಎಂದು ಕೂಗಿದೆ.

"ಇಲ್ಲ ಮೇಡಂ! ಇಲ್ಲ!"

ಊರಿನ ಶಿಳ್ಳೆ ತಲೆಗೇರಿದೆ, ಹಟ ಹಿಡಿದಿದ್ದಾಳೆ ಎಂದುಕೊಂಡು ಸಿಟ್ಟಿನಿಂದ ಇನ್ನೂ ಜೋರಾಗಿ ಬೈದೆ. ಅವಳು ತಲೆ ಅಲ್ಲಾಡಿಸಿದಳು. ನನ್ನ ಕಣ್ಣೆದುರೇ ಇನ್ನೊಬ್ಬಳು ಹಗುರವಾಗಿ ಕಾಲಾಡಿಸುತ್ತ ಅವಳನ್ನು ದಾಟಿ ಹೋದಳು. ಪವಿತ್ರ ಗುರಿ ಮುಟ್ಟಿದ್ದು ಏಳನೆಯವಳಾಗಿ.

ನಾನು ಮೇಲೆ ಹೋದಾಗ ಅವಳು ಕಟ್ಟೆಯ ಮೇಲೆ ಕೂತು ಮಂಡಿ ಒತ್ತಿಕೊಳ್ಳುತ್ತಿದ್ದಳು. ಅಳುತ್ತಿರಲಿಲ್ಲ. ಹಿಂದಿನ ಚಕ್ರದ ಕಡೆ ಕೈ ತೋರಿಸಿದಳು.

"ಇನ್ನೊಂದು ಗೇರ್ ಇರ್ಬೇಕಿತ್ತು ಮೇಡಂ. ಒತ್ತಿ ಒತ್ತಿ ನೋಡ್ದೆ, ಬೀಳ್ಲೇ ಇಲ್ಲ. ಬೆಟ್ಟದ ಕೆಳಗಡೆ ಸಮತಟ್ಟಲ್ಲಿ ಗೇರೆಲ್ಲ ಹತ್ರಹತ್ರ ಬೀಳ್ತಿತ್ತು. ಸರ್ವಿಸ್ ಆಗಿದೆಯಲ್ಲ, ಅದ್ಕೇ ನೈಸಾಗಿದೆ ಅಂದ್ಕೊಂಡೆ."

ಕೂತು ಹಲ್ಲು ಎಣಿಸಿದೆ. ಎಂಟು ಹಲ್ಲುಚಕ್ರಗಳೇನೋ ಇದ್ದವು. ಆದರೆ ದೊಡ್ಡದಕ್ಕೆ ಇದ್ದದ್ದು ಇಪ್ಪತ್ತೈದೇ ಹಲ್ಲು. ಕ್ಯಾಸೆಟ್ಟೇ ಬೇರೆ. ಯಾರೋ ಬದಲಿಸಿದ್ದರು.

ಯಾರೆಂದು ಹುಡುಕಬೇಕಾಗಲಿಲ್ಲ. ಮುನಿರಾಜಪ್ಪ ಎಳನೀರು ಹಿಡಿದುಕೊಂಡು ಬಂದವರು ನಾನು ಚಕ್ರದ ಹತ್ತಿರ ಕೂತದ್ದನ್ನು ನೋಡಿ ಮೀಸೆಯಲ್ಲೇ ನಕ್ಕರು. "ಗೊತ್ತಾಯ್ತಾ ಮೇಡಮ್ಮ? ನಾನೇ ತೆಗೆಸ್ದೆ ಆ ದೊಡ್ಡ ತಟ್ಟೆ. ಅಂಗಡಿಯೋನು ಬೇಡ ಅಂದ, ನಾನು ಬಿಡ್ಲಿಲ್ಲ. ಗಂಡು ಗೇರ್ ಹಾಕು ಅಂದೆ. ಊರ ಮುಂದೆ ಮಿಕ್ಸಿ ಥರ ಕಾಲಾಡಿಸ್ಕೊಂಡು ಹೋದ್ರೆ ಏನು ಮರ್ಯಾದೆ, ಹೇಳಿ?"

ಎದ್ದು ನಿಂತೆ. ಎಂ.ಪಿ.ಎಡ್.ನಲ್ಲಿ ಓದಿದ್ದೆಲ್ಲ ಬಾಯಿಗೆ ಬಂತು. ಆ ತಟ್ಟೆ ಏಕೆ ಬೇಕು, ಅದಿಲ್ಲದೆ ಮಂಡಿಗೆ ಏನಾಗುತ್ತದೆ ಎಂದು ಶುರುಮಾಡಿದೆ. ಅವರು ಅರ್ಧಕ್ಕೇ ತಡೆದರು: "ಅಂದ್ರೆ ನಮ್ಮ ಹುಡುಗಿ ಕಾಲಲ್ಲಿ ಶಕ್ತಿ ಸಾಲ್ದು ಅಂತೀರಾ?"

ಅದಕ್ಕೆ ಉತ್ತರ ಕೊಡುವಷ್ಟರಲ್ಲಿ ಪವಿತ್ರ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದಳು. "ಬಿಡಿ ಮೇಡಂ, ಹೇಳ್ಬೇಡಿ. ಅಮ್ಮ ನಾನು ಆ ಮನೇಲೇ ಇರ್ಬೇಕು."

ಬಿಟ್ಟೆ. ಇಂದಿಗೂ ಮುನಿರಾಜಪ್ಪನವರಿಗೆ ತಾವು ಏನು ಮಾಡಿದೆವೆಂದು ಗೊತ್ತಿಲ್ಲ. ರೇಸಿನ ಸಮಿತಿಯವರಿಗೆ ಹೇಳಿದೆ. ಸೈಕಲ್ ನಿಮ್ಮದು, ಜವಾಬ್ದಾರಿ ನಿಮ್ಮದು ಎಂದರು. ಅದು ಸರಿಯೇ. ಪವಿತ್ರ ಈಗ ಚಿಂತಾಮಣಿಯಲ್ಲಿದ್ದಾಳೆ. ಸೈಕಲ್ ನಂದಿಯ ಮನೆಯಲ್ಲೇ ದ್ರಾಕ್ಷಿಗೆ ಹೊಡೆಯುವ ಔಷಧಿ ಡ್ರಮ್ಮುಗಳ ಹಿಂದೆ ನಿಂತಿದೆಯಂತೆ, ಅದೇ ಕ್ಯಾಸೆಟ್ ಹಾಕಿಕೊಂಡು.

ಅದಾದ ಮೇಲೆ ಯಾವ ರೇಸಿಗೂ ನಾನು ಸೈಕಲ್ಲಿನ ಹಲ್ಲು ಎಣಿಸದೆ ಮಕ್ಕಳನ್ನು ಬಿಟ್ಟಿಲ್ಲ. ಆದರೆ ಕೆಲಸ ನನಗೆ ಕಲಿಸಿದ್ದು ಎಣಿಕೆಯನ್ನಲ್ಲ. ಒಂದು ಹುಡುಗಿಗೆ ಗೇರ್ ಕಲಿಸಿದರೆ ಅರ್ಧ ಕೆಲಸವೂ ಆದಂತಲ್ಲ. ಅವಳು ಯಾವ ಗೇರಿನಲ್ಲಿ ಹೋಗಬೇಕೆಂದು ತೀರ್ಮಾನಿಸುವವರು ಮನೆಯಲ್ಲಿ ಕೂತಿರುತ್ತಾರೆ. ಬೇಡವೆನ್ನುವವರನ್ನಾದರೂ ವಾದ ಮಾಡಿ ಗೆಲ್ಲಬಹುದು, ನಾನೇ ಗೆದ್ದು ಬಂದಿದ್ದೇನೆ. ಅಭಿಮಾನದಿಂದ ಕೆಡಿಸುವವರ ಎದುರು ನನ್ನ ಯಾವ ಪದವಿಯೂ ಕೆಲಸಕ್ಕೆ ಬರಲಿಲ್ಲ. ಈಗ ಮೊದಲು ಮನೆಯವರನ್ನು ಮೈದಾನಕ್ಕೆ ಕರೆಸಿ ಸೈಕಲ್ ಹತ್ತಿಸುತ್ತೇನೆ. ಭಾರದ್ದು, ಹಗುರದ್ದು ಎರಡೂ ಗೇರಿನಲ್ಲಿ ಏರು ತುಳಿಸುತ್ತೇನೆ. ಕೆಲವರು ಬರುತ್ತಾರೆ. ಹೆಚ್ಚಿನವರು ಬರುವುದಿಲ್ಲ.

ರೇಸಿನ ದಿನ ಮಧ್ಯಾಹ್ನ ಬೆಟ್ಟದ ಬುಡದಲ್ಲಿ ಶಾಮಿಯಾನದಡಿ ಪ್ರಮಾಣಪತ್ರ ಹಂಚಿದರು. ಮೊದಲ ನಾಲ್ವರಿಗೆ ಫೋಟೊ, ಹಾರ. ಉಳಿದವರಿಗೆ ಭಾಗವಹಿಸಿದ್ದಕ್ಕೆ ಒಂದೊಂದು ಹಾಳೆ, ಅದನ್ನು ಆಯಾ ಕಾಲೇಜಿನವರೇ ಕೊಡಬೇಕು. ಪವಿತ್ರಳದ್ದನ್ನು ನಾನೇ ಕೊಟ್ಟೆ. ಎರಡೂ ಕೈಯಲ್ಲಿ ತೆಗೆದುಕೊಂಡಳು. ಓದಲಿಲ್ಲ. ಹಾಗೇ ಮಾವನಿಗೆ ದಾಟಿಸಿದಳು.

ಮುನಿರಾಜಪ್ಪ ಹಾಳೆಯನ್ನು ದೂರ ಹಿಡಿದು ಹೆಸರು ಓದಿದರು. ಟವಲಿನಿಂದ ಕೈ ಒರೆಸಿಕೊಂಡು ಮತ್ತೊಮ್ಮೆ ಓದಿದರು. ಕಣ್ಣಲ್ಲಿ ನೀರಿತ್ತು, ಸುಳ್ಳು ಹೇಳಲಾರೆ.

"ಜರಗೋ ಮಾತಲ್ಲ ಅಂತ ನಾನು ಅವತ್ತೇ ಅಂದಿದ್ದೆ ಮೇಡಮ್ಮ. ಹೋಗ್ಲಿ ಬಿಡಿ. ಗಂಡು ಗೇರಲ್ಲೇ ಬೆಟ್ಟ ಹತ್ತವ್ಳೆ ನನ್ನ ಅಕ್ಕನ ಮಗಳು, ಇನ್ನೇನು ಬೇಕು? ಇದನ್ನ ಲ್ಯಾಮಿನೇಷನ್ ಮಾಡಿಸ್ತೀನಿ. ಚಿಂತಾಮಣಿಯೋರಿಗೆ ತೋರಿಸ್ಬೇಕಲ್ಲ."