ಟವಲಿನ ಬುಡದ ಮಾತು

ನನ್ನ ಹೆಗಲ ಮೇಲಿನ ಟವಲು ಬೆಳ್ಳಗಿದ್ದದ್ದನ್ನು ಕಂಡ ಪುಣ್ಯವಂತರು ಈ ಭೂಮಂಡಲದಲ್ಲಿ ಇಬ್ಬರೇ: ಅದನ್ನು ಮಾರಿದ ಅಂಗಡಿಕಾರ ಮತ್ತು ಅದನ್ನು ಕೊಂಡುತಂದ ನನ್ನ ಹೆಂಡತಿ ಗೌರಿ. ಸಾಂಗ್ಲಿ ಪೇಟೆಯ ಅರಿಸಿನದ ದಲಾಲನ ಟವಲು ಮೂರನೆಯ ದಿನಕ್ಕೇ ಪೀತಾಂಬರವಾಗಿಬಿಡುತ್ತದೆ. ಆಮೇಲೆ ಯಾವ ಸಾಬೂನಿಗೂ ಅದು ಜಗ್ಗುವುದಿಲ್ಲ. ಗೌರಿ ಅದನ್ನು ಹಿಂಡುವಾಗಲೆಲ್ಲ ನನ್ನ ಕುಲ, ಕಸುಬು, ಜಾತಕಗಳನ್ನೂ ಜೊತೆಗೆ ಸೇರಿಸಿಯೇ ಹಿಂಡುತ್ತಿದ್ದಳು.

ಆದರೆ ಈ ಟವಲು ಬೆವರೊರೆಸುವ ಸಾಮಾನ್ಯ ವಸ್ತ್ರವಲ್ಲ, ಸ್ವಾಮಿ. ನಮ್ಮ ಅಂಗಡಿಯ ಲಿಲಾವಿನಲ್ಲಿ, ಅಂದರೆ ಹರಾಜಿನಲ್ಲಿ, ಆಗ ದರವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕೊಳ್ಳುವವನು ನನ್ನ ಕೈಮೇಲೆ ಟವಲು ಹೊದಿಸಿ, ಅದರ ಬುಡದಲ್ಲಿ ನನ್ನ ಬೆರಳುಗಳನ್ನು ಒತ್ತುವನು. ಎಷ್ಟು ಬೆರಳು ಒತ್ತಿದನೋ ಅಷ್ಟು ಅವನ ಮಾತು. ಒಪ್ಪಿಗೆಯಿಲ್ಲದಿದ್ದರೆ ನಾನು ಕೈ ಕೊಡವುವೆನು. ಈ ಗಹನವಾದ ಸಂವಾದ ನಡೆಯುವಾಗ ಅವನು ಆಕಾಶವನ್ನೂ ನಾನು ಎದುರಿನ ಕಂಬವನ್ನೂ ಪರಮಭಕ್ತಿಯಿಂದ ನೋಡುತ್ತಿದ್ದೆವು, ಏಕೆಂದರೆ ಮುಖ ಮುಖ ನೋಡಿದರೆ ಗುಟ್ಟು ಹೊರಬಿದ್ದೀತೆಂಬ ಭಯ. ಟವಲಿನ ಬುಡದಲ್ಲಿ ಆದ ಮಾತನ್ನು ಹೊರಗೆ ಹೇಳಬಾರದೆಂಬುದು ಪೇಟೆಯ ಧರ್ಮ.

ಹೀಗೆ ಮುಂಜಾನೆಯಿಂದ ಮಧ್ಯಾಹ್ನದವರೆಗೆ ಯಾರ ಮುಖವನ್ನೂ ನೋಡದೆ, ಒಂದಕ್ಷರ ಆಡದೆ ಬದುಕು ಸಾಗಿಸುತ್ತಿದ್ದ ಈ ಮಹಾನುಭಾವ, ಅಂಗಡಿಯ ಹಿಂಭಾಗದಲ್ಲೇ ಇದ್ದ ಮನೆಗೆ ಬಂದು ಮಾಡುತ್ತಿದ್ದ ಘನಕಾರ್ಯವೇನು ಬಲ್ಲಿರಾ? ಹೊತ್ತೆಲ್ಲ ಅಂಗಡಿಯ ಚೀಲಗಳ ಮೇಲೆ ಕುಳಿತು ಧೂಳು ನೋಡುವ ಏಳು ವರ್ಷದ ಮಗಳು ಲೀಲಾಳ ಗದ್ದ ಹಿಡಿದು, ನನ್ನ ಮುಖ ನೋಡು, ಅಪ್ಪಾ ಅನ್ನು ಎಂದು ಗೋಗರೆಯುವುದು! ಆಕೆಗಿರುವುದು ಆಟಿಸಂ ಎಂದು ಮಿರಜದ ಡಾಕ್ಟರು ಹೇಳಿದ್ದರು. ಅದು ವಾಸಿ ಮಾಡುವ ಬೇನೆಯಲ್ಲ, ಆಕೆಗೆ ಹೇಳುವುದು ಬೇಕಾದಷ್ಟಿದೆ, ಹೇಳುವ ದಾರಿ ಮಾತ್ರ ಬೇರೆ, ಅದನ್ನು ನೀವೇ ಹುಡುಕಿಕೊಳ್ಳಬೇಕು ಎಂದೂ ಹೇಳಿದ್ದರು. ನಾನು ಮಹಾಜ್ಞಾನಿಯಂತೆ ತಲೆದೂಗಿ, ಬರುವಾಗ ಅರ್ಧ ಕಿಲೋ ಪೇಢೆ ಕಟ್ಟಿಸಿಕೊಂಡು ಬಂದೆ. ಮುಖ ನೋಡಿದರೆ ಒಂದು ಪೇಢೆ, ಅಪ್ಪಾ ಅಂದರೆ ಎರಡು, ಇದು ನನ್ನ ಯೋಜನೆ. ಲೀಲಾ ಗೋಡೆಯನ್ನು ನೋಡುತ್ತ ಪೇಢೆಗಳನ್ನೆಲ್ಲ ಮುಗಿಸಿದಳು. ಮೂವತ್ತು ವರ್ಷದ ದಲಾಲಿಯಲ್ಲಿ ಅಂಥ ಸೋಲನ್ನು ನಾನು ಉಂಡಿರಲಿಲ್ಲ.

ಅಷ್ಟರಲ್ಲಿ ಸಾಂಗ್ಲಿ, ಮಿರಜ, ಕುಪವಾಡಗಳನ್ನು ಕೂಡಿಸಿ ಒಂದೇ ಮಹಾನಗರಪಾಲಿಕೆ ಮಾಡಿದರು. ಮಿರಜದಲ್ಲಿ ಬೇರೆ ಅಂಗಡಿ ಇಟ್ಟಿದ್ದ ನನ್ನ ಅಣ್ಣನಿಗೆ ವಿಲೀನದ ಹುಮ್ಮಸ್ಸು ನೆತ್ತಿಗೇರಿತು. ಊರೂರೇ ಒಂದಾಗುವಾಗ ಅಣ್ಣತಮ್ಮಂದಿರಿಗೆ ಎರಡು ಒಲೆ ಏಕೆ ಎಂದು ಅಂಗಡಿ ಎತ್ತಿ, ಹೆಂಡತಿ ಅಂದರೆ ನಮ್ಮ ವೈನಿ, ನಾಲ್ಕು ಮಕ್ಕಳು, ಆರು ಟ್ರಂಕುಗಳೊಡನೆ ಬಂದಿಳಿದ. ಒಂಬತ್ತೂ ಜನ ಒಂದೇ ಪಂಗ್ತಿಯಲ್ಲಿ ಉಣ್ಣಬೇಕೆಂಬುದು ಅವನ ಮೊದಲ ಠರಾವು. ಸರಕಾರವಾದರೂ ಇಂಥದ್ದಕ್ಕೆ ಆಕ್ಷೇಪಣೆಗಳನ್ನು ಕರೆಯುತ್ತದೆ. ನಾವು ಲೀಲಾಳನ್ನು ಒಂದು ಮಾತೂ ಕೇಳಲಿಲ್ಲ.

ಒಂಬತ್ತು ತಾಟುಗಳ ಸದ್ದು, ಅದರ ಮೇಲೆ ಅಣ್ಣನ ನಗು. ಲೀಲಾ ಎರಡೂ ಕಿವಿ ಮುಚ್ಚಿಕೊಂಡು ಓಡಿಹೋಗಿ ಅಂಗಡಿಯ ಚೀಲಗಳ ಹಿಂದೆ ಕುಳಿತಳು. ಮರುದಿನವೂ ಅಷ್ಟೆ. ಎಂಟು ದಿನ ಆಕೆ ಪಂಗ್ತಿಗೆ ಬರಲಿಲ್ಲ. ಚೀಲಗಳ ಹತ್ತಿರ ಯಾರೋ ಇಟ್ಟುಹೋಗುತ್ತಿದ್ದ ಒಣರೊಟ್ಟಿಯ ತುಣುಕುಗಳನ್ನು ಮಾತ್ರ ಹಕ್ಕಿಯಂತೆ ಮುರಿದುಕೊಂಡು ತಿನ್ನುತ್ತಿದ್ದಳು. ಇಡುವವಳು ಗೌರಿ ಎಂದು ನಾನು ತಿಳಿದಿದ್ದೆ, ನಾನೆಂದು ಗೌರಿ ತಿಳಿದಿದ್ದಳು.

ಒಂಬತ್ತನೆಯ ದಿನ ವೈನಿ ನನ್ನನ್ನು ಕರೆದರು. ನಮ್ಮ ವೈನಿಯದು ಅಂಗಳದಲ್ಲಿ ಆಡಿದರೆ ಆಚೆ ಓಣಿಗೆ ಕೇಳುವ ಕಂಠ. ಆ ದಿನ ಅದು ಇಳಿದಿತ್ತು.

"ರುದ್ರಣ್ಣಾ, ಕೂಸು ಸೊರಗಾಕತ್ತೇತಿ. ಪುಣೇದಾಗ ಇಂಥಾ ಮಕ್ಕಳ ಸಾಲಿ ಐತಂತ, ವಸ್ತೀನೂ ಅಲ್ಲೇ. ಅಮಾಸಿ ಕಳೀಲಿ, ಬಿಟ್ಟ ಬರೂಣು."

ಮನೆಯಲ್ಲಿ ವೈನಿಯ ಮಾತು ಮೀರಿದವರಿಲ್ಲ, ಅಮಾವಾಸ್ಯೆಗೆ ಉಳಿದದ್ದು ಆರೇ ದಿನ. ಸೀದಾ ಹೋಗಿ ಚೀಲಗಳ ಹಿಂದೆ ಮಗಳ ಪಕ್ಕದಲ್ಲಿ ಕುಕ್ಕರಿಸಿದೆ. ಗದ್ದ ಹಿಡಿಯುವ ಶಕ್ತಿಯೂ ಉಳಿದಿರಲಿಲ್ಲ. ಎದುರಿನ ಕಂಬವನ್ನು ನೋಡುತ್ತ ಸುಮ್ಮನೆ ಕುಳಿತೆ.

ಆಗ ನನ್ನ ಹೆಗಲಿನಿಂದ ಟವಲು ಜಾರಿತು. ಲೀಲಾ ಅದನ್ನು ನನ್ನ ಕೈಮೇಲೆ ಹೊದಿಸಿದಳು. ಬುಡದಿಂದ ಒಂದು ಪುಟ್ಟ ಕೈ ಬಂದು ನನ್ನ ಎರಡು ಬೆರಳು ಒತ್ತಿತು.

ನಗಬೇಡಿ, ಮೊದಲು ನನಗೆ ಹೊಳೆದದ್ದು ಅರಿಸಿನದ ದರವೇ! ಆಮೇಲೆ ಬುದ್ಧಿ ಬಂತು. ವರ್ಷಗಟ್ಟಲೆ ಇದೇ ಚೀಲಗಳ ಮೇಲೆ ಕುಳಿತು ಆಕೆ ನೋಡುತ್ತಿದ್ದದ್ದು ಧೂಳನ್ನಲ್ಲ, ನಮ್ಮ ಲಿಲಾವನ್ನು. ನಾನು ಒಂಬತ್ತು ತಾಟಿನ ಪಂಗ್ತಿಯ ಕಡೆಗೆ ಕತ್ತು ತಿರುಗಿಸಿ, ಒಂಬತ್ತರ ಬದಲು ಐದು ತಾಟಾದರೆ ಆದೀತೆ ಎಂದು ಐದು ಬೆರಳು ಒತ್ತಿ ನೋಡಿದೆ. ಕೈ ಕೊಡವಿದಳು. ಮತ್ತೆ ಎರಡು. ಓಡಿಹೋಗಿ ಎರಡೇ ತಾಟು ತಂದೆ. ಲೀಲಾ ಗೋಡೆ ನೋಡುತ್ತ ಒಂದೂವರೆ ರೊಟ್ಟಿ, ಬೇಳೆ, ಮೊಸರು ಎಲ್ಲ ಉಂಡಳು. ನಾನು ಕಂಬ ನೋಡುತ್ತ ನನ್ನ ತಾಟು ಮುಗಿಸಿದೆ.

ಮುಂದಿನ ಐದು ದಿನ ನಮ್ಮ ಮನೆಗೆ ಹುಚ್ಚು ಹಿಡಿದಿತ್ತು. ಎರಡನೆಯ ತಾಟು ಯಾರದೆಂದು ದಿನವೂ ಲೀಲಾಳೇ ಕೈಹಿಡಿದು ಆರಿಸುತ್ತಿದ್ದಳು, ತಮ್ಮನ್ನು ಆರಿಸಲಿ ಎಂದು ಉಳಿದವರು ತುದಿಗಾಲಲ್ಲಿ. ಅಣ್ಣನ ಮಕ್ಕಳು ನಾಲ್ವರೂ ಹೆಗಲಿಗೆ ಟವಲು ಏರಿಸಿ, ಕಂಬವನ್ನು ದಿಟ್ಟಿಸುವ ತಾಲೀಮು ನಡೆಸಿದರು. ಮಹಾಪಂಗ್ತಿಯ ಕರ್ತೃವಾದ ನನ್ನ ಅಣ್ಣ ಚೀಲಗಳ ಆಚೆ ಅರ್ಜಿದಾರನಂತೆ ಕುಳಿತು, ತನ್ನ ನಗುವನ್ನು ಟವಲಿನಲ್ಲಿ ಮುಚ್ಚಿಕೊಂಡ. ವೈನಿ ಮಾತ್ರ ದೂರವೇ ನಿಂತಿದ್ದರು, ಪುಣೆಯ ಮಾತನ್ನು ಹಿಂದಕ್ಕೆ ತೆಗೆದುಕೊಂಡಿರಲಿಲ್ಲ.

ಅಮಾವಾಸ್ಯೆಯ ದಿನ ಟವಲಿನ ಬುಡದಲ್ಲಿ ಲೀಲಾ ಮೂರು ಬೆರಳು ಒತ್ತಿದಳು. ತಪ್ಪಿರಬಹುದೆಂದು ನಾನು ಎರಡು ಒತ್ತಿದೆ. ಕೈ ಕೊಡವಿ ಮತ್ತೆ ಮೂರು. ಆಮೇಲೆ ಎದ್ದು, ಅಡುಗೆಮನೆಗೆ ಹೋಗಿ, ವೈನಿಯ ಕೈಮೇಲೆ ಟವಲು ಹೊದಿಸಿದಳು. ವೈನಿಯ ಆ ಕೈಯಲ್ಲಿ ಅಂದೂ ಸಣ್ಣಗೆ ಮುರಿದಿಟ್ಟ ರೊಟ್ಟಿಯ ತುಣುಕುಗಳಿದ್ದವು. ಎಂಟು ದಿನ ಚೀಲಗಳ ಹತ್ತಿರ ಸದ್ದಿಲ್ಲದೆ ಅವನ್ನು ಇಟ್ಟುಹೋದವರಾರೆಂದು ನನಗೂ ಗೌರಿಗೂ ಆಗ ತಿಳಿಯಿತು. ಲೀಲಾಳಿಗೆ ಮೊದಲೇ ಗೊತ್ತಿತ್ತು.

ಮೂವರೂ ಉಂಡೆವು. ಆಚೆ ಓಣಿಗೆ ಕೇಳುವ ಕಂಠ ಊಟ ಮುಗಿಯುವವರೆಗೆ ಒಮ್ಮೆಯೂ ಏಳಲಿಲ್ಲ. ಕೈ ತೊಳೆಯುವಾಗ ಅಣ್ಣ, ಪುಣೆಗೆ ಎಂದು ಹೊರಡುವುದೆಂದು ಕೇಳಿದ. ವೈನಿ ಕಣ್ಣೊರೆಸಿಕೊಂಡು ಅಂದರು: "ಟವಲ ಬುಡಕ ಆದ ಮಾತು ಹೊರಗ ಹೇಳೂದಲ್ಲ ಅಂತ ನಿಮ್ಮ ಪ್ಯಾಟಿ ಕಾಯ್ದೆ ಐತಲ್ಲರಿ."

ಪುಣೆಯ ಹೆಸರು ಮತ್ತೆ ನಮ್ಮ ಮನೆಯಲ್ಲಿ ಬರಲಿಲ್ಲ. ಲೀಲಾ ಇಂದಿಗೂ ನನ್ನ ಮುಖ ನೋಡುವುದಿಲ್ಲ, ಅಪ್ಪಾ ಅಂದಿಲ್ಲ. ನಾನೂ ಪೇಢೆ ಇಟ್ಟು ಕೇಳುವುದನ್ನು ಬಿಟ್ಟಿದ್ದೇನೆ. ನಮ್ಮ ಹಿತ್ತಲಿನ ಹಗ್ಗದ ಮೇಲೆ ಈಗ ಒಂದಲ್ಲ, ಏಳು ಹಳದಿ ಟವಲುಗಳು ಒಣಗುತ್ತವೆ, ಅವುಗಳ ನಡುವೆ ವೈನಿಯ ಸೀರೆ. ಅದರ ಸೆರಗಿನ ತುದಿಯಲ್ಲಿ ಪುಟ್ಟ ಬೆರಳುಗಳ ಅರಿಸಿನದ ಕಲೆ ಇದೆ. ಗೌರಿ ಸಾಬೂನು ಹಿಡಿದು ಹೋದರೆ ವೈನಿ ಅದನ್ನು ತಿಕ್ಕಲು ಬಿಡುವುದಿಲ್ಲ.