ಪಾಸೌಟ್ ಆದ ಗಂಡು

ಬೆಳಗಿಂದ ಹಿಂದೂಪುರದ ಹುಣಸೆ ಮಾರ್ಕೆಟ್‌ನಲ್ಲಿ ನಿಂತು ನಿಂತು ಸುಸ್ತಾಗಿ ಕಲ್ಯಾಣದುರ್ಗದ ಬಸ್ಸು ಹತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ರೊದ್ದಂ ಕಡೆಯ ಹೆಂಗಸು ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದಳು.

“ನೋಡಣ್ಣಾ, ಮಗಳಿಗೆ ಬಂದಿರೋ ಸಂಬಂಧಂ. ಬ್ಯಾಡ ಅಂತ ಹೇಳಕ್ಕೇ ಹೋಯ್ತಿದೀನಿ.”

ಗಂಡಿನ ಬಯೋಡೇಟಾ ಇಂಗ್ಲಿಷಿನಲ್ಲಿತ್ತು. ಫೋನು ಅದನ್ನು ಕನ್ನಡ ಮಾಡಿತ್ತು: ‘ಹುಡುಗ ಕಾಲೇಜಿನಲ್ಲಿ ಮೂರ್ಛೆ ಹೋಗಿದ್ದಾನೆ.’

“ಮೂರ್ಛೆ ರೋಗದೋನಿಗೆ ಹೆಣ್ಣು ಹೆಂಗಣ್ಣಾ ಕೊಡಾದು?”

ಬೇರೆ ದಿನವಾಗಿದ್ದರೆ ‘ಮೂರು ಸಲ ಹೋಗಿದ್ದಾನಂತೆ’ ಅಂತ ನಾನೂ ಸೇರಿಸುತ್ತಿದ್ದೆ. ಅವತ್ತು ಸುಳ್ಳು ಕಟ್ಟುವಷ್ಟು ತ್ರಾಣವಿರಲಿಲ್ಲ.

“ಪಾಸೌಟ್ ಅಂತ ಬರೆದವ್ರೆ ಕಣಮ್ಮ. ನಮ್ಮ ಕಡೆ ಹಂಗಂದ್ರೆ ಓದು ಮುಗಿಸ್ದ ಅಂತ. ಇಂಗ್ಲಿಷ್‌ನೋರ ದೇಶದಲ್ಲಿ ಮೂರ್ಛೆ ಹೋದ ಅಂತ. ಫೋನು ಅವರ ಅರ್ಥ ಹಿಡ್ಕೊಂಡೈತೆ.”

ಅವಳು ಅನುಮಾನದಿಂದ ನೋಡಿದಳು. “ನೀನು ಗಂಡಿನ ಕಡೆಯೋನಾ?”

ನಾನು ನಿಜ ಹೇಳಿದಾಗೆಲ್ಲ ಹೀಗೇ ಆಗುವುದು. “ನಾನು ಇಂಗ್ಲಿಷ್ ಮೇಷ್ಟ್ರು” ಅಂತ ಒಂದು ಸುಳ್ಳು ಬಿಟ್ಟೆ. ತಕ್ಷಣ ನಂಬಿದಳು. ಮಗಳಿಗೆ ಫೋನು ಮಾಡಿ, “ಹುಡುಗನಿಗೇನೂ ಇಲ್ವಂತೆ, ಒಪ್ಕೊಂಡು ಬತ್ತೀನಿ” ಎಂದಳು. ಆಮೇಲೆ ಭಾರೀ ಗೌರವದಿಂದ ನನ್ನ ಕಡೆ ತಿರುಗಿದಳು.

“ಸಾರ್, ನೀವ್ಯಾವಾಗ ಪಾಸೌಟ್ ಆಗಿದ್ದು?”

“ಇಗೋ, ಈಗ ಆಗ್ತೀನಿ ಕಣಮ್ಮ” ಅಂದು ಕಿಟಕಿಗೆ ತಲೆ ಒರಗಿಸಿ ಕಣ್ಣು ಮುಚ್ಚಿದೆ.