ಹಲ್ಲಿ ನುಡಿದ ಪಟಪಟಿ

ಮೊಮ್ಮಗಳು ಸಹನಾ ಹೋದ ವಾರ ಹೊಸ ಸ್ಕೂಟರು ತಂದಳು. ಹೂವು ಏರಿಸಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಕೀ ತಿರುಗಿಸಿದಳು. ಎಂಜಿನ್ನು ಇನ್ನೂ ಶುರುವಾಗಿರಲಿಲ್ಲ. ಗಾಡಿಯ ಹೊಟ್ಟೆಯೊಳಗಿನಿಂದ ‘ಝೂಂ’ ಎಂದು ಸಣ್ಣ ದನಿ ಬಂದು ನಿಂತಿತು. ಅದೇನೇ ಎಂದೆ. ಪೆಟ್ರೋಲಿನ ಪಂಪಂತೆ. ಕರೆಂಟಿನದಂತೆ. ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲು ತಳ್ಳುತ್ತದಂತೆ. ಈಗ ಹೊಸದಾಗಿ ಬಂದಿರೋದು, ನಿನಗೆ ತಿಳಿಯಲ್ಲ ಬಿಡಜ್ಜಿ ಎಂದಳು.

ನಾನು ಓದಿದ್ದು ಮೂರನೇ ಕ್ಲಾಸು. ತಿಳಿಯದ ವಿಷಯ ಬೇಕಾದಷ್ಟಿವೆ, ಒಪ್ಪುತ್ತೇನೆ. ಆದರೆ ಪೆಟ್ರೋಲಿನ ಪಂಪಿನ ವಿಷಯದಲ್ಲಿ ನನಗೆ ಪಾಠ ಹೇಳುವವರು ಈ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ನಲವತ್ತು ವರ್ಷಕ್ಕೂ ಹಿಂದೆ ನ್ಯಾಮತಿಯ ಇದೇ ಜಗಲಿಯ ಮೇಲೆ ಕರೆಂಟಿನ ಪಂಪು ಹಾಕಿದ ಪಟಪಟಿ ನಿಂತಿತ್ತು. ಅದಕ್ಕಿಂತ ಮೊದಲು ಆ ಗಾಡಿಗೆ ಪಂಪು ನಾನೇ ಆಗಿದ್ದೆ.

ನಗಬೇಡಿ, ಹೇಳುತ್ತೇನೆ.

ನಮ್ಮ ಮನೆಯವರದು ಹಗ್ಗದ ವ್ಯಾಪಾರ. ದನ ಕಟ್ಟುವ ಕಣ್ಣಿ, ಮೂಗುದಾರ, ಬಾವಿಯ ಹಗ್ಗ, ಎಲ್ಲವನ್ನೂ ಹೊರೆ ಕಟ್ಟಿಕೊಂಡು ಹೊನ್ನಾಳಿ, ತ್ಯಾವಣಿಗೆ, ಬಸವಾಪಟ್ಟಣ ಎಂದು ಸಂತೆ ಸಂತೆ ಸುತ್ತುತ್ತಿದ್ದರು. ಸುತ್ತಲು ಒಂದು ಮೋಟರ್ ಸೈಕಲ್ಲು. ಇಂಗ್ಲಿಷರ ಕಾಲದ್ದು. ಯಾವನೋ ದೊರೆ ಓಡಿಸುತ್ತಿದ್ದ ಗಾಡಿ ಎಂದು ಹೇಳಿ ಚನ್ನಗಿರಿಯಲ್ಲಿ ಯಾರೋ ಇವರ ತಲೆಗೆ ಕಟ್ಟಿದ್ದರು. ದೊರೆ ಅದನ್ನು ಬಿಟ್ಟು ಹೋದದ್ದು ಏಕೆಂದು ಇವರು ಕೇಳಲಿಲ್ಲ. ನನ್ನನ್ನು ನೋಡಲು ಬಂದಾಗಲೂ ಇವರು ಹೆಚ್ಚೇನೂ ಕೇಳಿರಲಿಲ್ಲ. ಅದು ಅವರ ಸ್ವಭಾವ.

ಆ ಗಾಡಿಯ ಟ್ಯಾಂಕು ಒಮ್ಮೆ ತ್ಯಾವಣಿಗೆ ಸಂತೆಯಲ್ಲಿ ತಳ ಬಿಟ್ಟಿತು. ಇದ್ದ ಪೆಟ್ರೋಲೆಲ್ಲ ಕಣ್ಣಿಗಳ ಮೇಲೆ ಸುರಿಯಿತು. ಎಮ್ಮೆಗಳು ಕೂಡ ಆ ಹಗ್ಗ ಮೂಸಿ ಹಿಂದೆ ಸರಿದವು. ಅಂಥ ಟ್ಯಾಂಕು ಬೇರೆ ಎಲ್ಲೂ ಸಿಗಲಿಲ್ಲ. ಹೊನ್ನಾಳಿಯ ದಾದಾಪೀರ್ ಸಾಬರು ಲಾಟೀನು, ಸ್ಟೋವು, ಮೋಟಾರು ಎಲ್ಲಕ್ಕೂ ಬೆಸುಗೆ ಹಾಕುವವರು. ಅವರು ಸೀಮೆಎಣ್ಣೆಯ ಡಬ್ಬವನ್ನೇ ಬೆಸೆದು ಒಂದು ಟ್ಯಾಂಕು ಮಾಡಿಕೊಟ್ಟರು. ಟ್ಯಾಂಕು ಗಟ್ಟಿಯಾಗಿತ್ತು. ಆದರೆ ಅದನ್ನು ಮುಂದೆ ಕೂರಿಸಿದರೆ ಇವರ ಹೊಟ್ಟೆಗೆ ಜಾಗವಿಲ್ಲ. ಹೊಟ್ಟೆಯನ್ನು ಬೆಸೆಯಲು ಬರುವುದಿಲ್ಲವಾಗಿ ಡಬ್ಬವನ್ನು ಹಿಂದಿನ ಚಕ್ರದ ಪಕ್ಕ, ಹಾಲಿನ ಕ್ಯಾನಿನಂತೆ ತಗ್ಗಿನಲ್ಲಿ ಕಟ್ಟಿದರು. ಮನೆಯಲ್ಲಿ ಹಗ್ಗಕ್ಕೇನು ಬರವೇ?

ಆಗ ತಿಳಿದದ್ದು, ಪೆಟ್ರೋಲು ಮೇಲಿನಿಂದ ಕೆಳಗೆ ಇಳಿಯುತ್ತದೆ, ತಾನಾಗಿ ಹತ್ತುವುದಿಲ್ಲ ಎಂದು. ಎಂಜಿನ್ನು ಮೇಲೆ, ಟ್ಯಾಂಕು ಕೆಳಗೆ. ಸಾಬರು ಯೋಚನೆ ಮಾಡಿ ಟ್ಯಾಂಕಿನ ಮುಚ್ಚಳಕ್ಕೆ ಒಂದು ರಬ್ಬರ್ ಕೊಳವೆ ಸಿಕ್ಕಿಸಿದರು. ಹಿಂದೆ ಕೂತವರು ಅದರಲ್ಲಿ ಊದಿದರೆ ಗಾಳಿ ಒತ್ತಿ ಪೆಟ್ರೋಲು ಮೇಲೇರುತ್ತದೆ. ಹಿಂದೆ ಕೂರುವವಳು ನಾನು.

‘ದಿನಾ ಊದುಗೊಳವೆ ಹಿಡಿದು ಒಲೆ ಊದ್ತೀಯಲ್ಲ, ಇದೇನು ಮಹಾ?’ ಎಂದರು ನಮ್ಮ ಮನೆಯವರು.

ಊದಿದೆ. ನ್ಯಾಮತಿಯಿಂದ ಹೊನ್ನಾಳಿವರೆಗೆ ಊದಿದೆ. ಉಸಿರು ನಿಂತರೆ ಗಾಡಿ ನಿಲ್ಲುತ್ತಿತ್ತು. ದಾರಿಯಲ್ಲಿ ಹೊಲದವರು ಕೆಲಸ ಬಿಟ್ಟು ನೋಡಿದರು. ಹಗ್ಗದವರ ಹೆಂಡತಿ ಹುಕ್ಕಾ ಸೇದುತ್ತಾ ಸಂತೆಗೆ ಹೋದಳು ಎಂದು ಸುದ್ದಿಯಾಯಿತು. ಹೊಳೆಯ ಸೇತುವೆಯ ಮೇಲೆ ಎದುರಿಗೆ ಬಂದ ಬಸ್ಸಿನ ಡ್ರೈವರು, ನಾನು ಪುಂಗಿ ಊದುತ್ತಿದ್ದೇನೆಂದು ತಿಳಿದು ಹಾವು ಎಲ್ಲಮ್ಮಾ ಎಂದು ಕೇಳಿದ. ಮುಂದೆ ಕೂತು ಗಾಡಿ ಓಡಿಸ್ತೈತೆ ಎಂದು ಹೇಳುವ ಆಸೆಯಿತ್ತು, ಬಾಯಲ್ಲಿ ಕೊಳವೆಯಿತ್ತು. ಊರು ಮುಟ್ಟಿ ಇಳಿದ ಮೇಲೆ ಒಂದೇ ಮಾತು ಹೇಳಿದೆ: ‘ಇನ್ಮೇಲೆ ನಾನು ಊದಾಕಿಲ್ಲ. ನಿಮಗೆ ನಾನು ಬೇಕೋ ಈ ಡಬ್ಬ ಬೇಕೋ ನೋಡಿಕೊಳ್ಳಿ.’

ಇವರು ಎರಡನ್ನೂ ಇಟ್ಟುಕೊಂಡು ಪಂಪು ತಂದರು. ಚನ್ನಗಿರಿಯ ಗುಜರಿಯಲ್ಲಿ ಬಿದ್ದಿದ್ದ ಹಳೆಯ ಕಾರಿನದು. ಚೊಂಬಿನಷ್ಟು ಗಾತ್ರ. ಜೊತೆಗೆ ಒಂದು ಕಾರಿನ ಬ್ಯಾಟರಿ. ಸಾಬರು ನಮ್ಮ ಜಗಲಿಗೇ ಬಂದು ಎರಡು ದಿನ ಕೂತು ಜೋಡಿಸಿದರು. ಪಂಪನ್ನು ಡಬ್ಬದ ಪಕ್ಕ ಕಣ್ಣಿಯಲ್ಲಿ ಬಿಗಿದರು. ಗಾಡಿಗೆ ಕೀ ಎಂಬುದೇ ಇರಲಿಲ್ಲವಾದ್ದರಿಂದ ಪಂಪಿಗೆ ಬೇರೆ ಸ್ವಿಚ್ಚು ಬೇಕಾಯಿತು. ಮಲಗಿದವರ ಕೈಗೆ ಸಿಗಲಿ ಎಂದು ಮಂಚದ ಬಳಿ ತೂಗುಬಿಡುತ್ತಾರಲ್ಲ, ಬದನೆಕಾಯಿ ಆಕಾರದ ಸ್ವಿಚ್ಚು, ಅದನ್ನು ಹಾಕಿದರು. ಅದರ ವೈರು ಹತ್ತು ಮೊಳ. ಕತ್ತರಿಸಲು ಇವರು ಬಿಡಲಿಲ್ಲ. ಹಗ್ಗದ ವ್ಯಾಪಾರಿಗೆ ಉದ್ದ ಇರುವುದನ್ನು ಗಿಡ್ಡ ಮಾಡಲು ಮನಸ್ಸು ಬರುವುದಿಲ್ಲ. ಸುರುಳಿ ಸುತ್ತಿ ಹ್ಯಾಂಡಲ್ಲಿಗೆ ನೇತುಹಾಕಿದರು.

ಸ್ವಿಚ್ಚು ಒತ್ತಿದರೆ ಪಂಪು ‘ಟಕ್ ಟಕ್ ಟಕ್’ ಅಂದು ಪೆಟ್ರೋಲು ಮೇಲೆ ತಳ್ಳಿ, ತುಂಬಿದ ಮೇಲೆ ಸುಮ್ಮನಾಗುತ್ತಿತ್ತು. ಮೇಲೆ ಎಲ್ಲೋ ಒಂದು ಹನಿ ಸೋರುತ್ತಿತ್ತು. ಹಾಗಾಗಿ ಸ್ವಿಚ್ಚು ಆರಿಸದೆ ಬಿಟ್ಟರೆ ಸ್ವಲ್ಪ ಹೊತ್ತಿಗೆ ತಾನೇ ಮತ್ತೆ ‘ಟಕ್ ಟಕ್ ಟಕ್’.

‘ಅಕ್ಕಾರೆ, ಇನ್ಮೇಲೆ ನಿಮ್ಮ ಬಾಯಿಗೆ ರಜಾ’ ಎಂದು ಸಾಬರು ಹೊರಟರು. ಆ ಮಾತು ಬೇರೆ ರೀತಿಯಲ್ಲಿ ನಿಜವಾಯಿತು.

ಇನ್ನು ನಮ್ಮ ಅತ್ತೆಯ ವಿಷಯ ಹೇಳಬೇಕು. ಅತ್ತೆ ದೇವರಿಗೆ ಕೈ ಮುಗಿಯುತ್ತಿದ್ದರು, ಆದರೆ ಮಾತು ಕೇಳುತ್ತಿದ್ದುದು ಹಲ್ಲಿಯದು. ಯಾರಾದರೂ ಮಾತಾಡುವಾಗ ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿದರೆ ಆ ಮಾತು ಸತ್ಯ. ಕೂಡಲೇ ನೆಲಕ್ಕೆ ಬೆರಳು ತಟ್ಟಿ ‘ಶಿವ ಶಿವ’ ಅನ್ನಬೇಕು. ಒಲೆಯ ಕಡೆಯಿಂದ ನುಡಿದರೆ ಕೆಡುಕು, ಬೀದಿ ಬಾಗಿಲ ಕಡೆಯಿಂದ ನುಡಿದರೆ ಒಳಿತು. ನುಡಿಯದಿದ್ದರೆ ಅದೂ ಬೇಡ ಎಂದೇ ಲೆಕ್ಕ. ಹೀಗೆ ನನ್ನ ನಾದಿನಿ ನೀಲಮ್ಮನಿಗೆ ಬಂದ ಮೂರು ಸಂಬಂಧ ಹೋದವು. ಒಂದು ಒಲೆಯ ಹಲ್ಲಿಯಿಂದ, ಎರಡು ಹಲ್ಲಿಯ ಮೌನದಿಂದ. ನೀಲಮ್ಮನಿಗೆ ಇಪ್ಪತ್ತೈದು ತುಂಬಿತ್ತು. ಆ ಕಾಲಕ್ಕೆ ಅದು ಸಣ್ಣ ವಯಸ್ಸಲ್ಲ. ಬೀದಿಯವರು ಇವಳಿಗೆ ಏನೋ ಐಬಿರಬೇಕು ಎನ್ನತೊಡಗಿದ್ದರು. ಇನ್ನೊಂದು ಸಂಬಂಧ ತಪ್ಪಿದರೆ ಇವಳನ್ನು ನೋಡಲು ಇನ್ನು ಯಾರೂ ಬರುವುದಿಲ್ಲ ಎಂದು ಅತ್ತೆಯೇ ಹೇಳಿದ್ದರು. ಹೇಳಿದವರು ಹಲ್ಲಿಯನ್ನು ಮಾತ್ರ ಬಿಡಲಿಲ್ಲ.

ಪಂಪು ಹಾಕಿದ ವಾರಕ್ಕೇ ನಾಲ್ಕನೆಯವರು ಬಂದರು, ಜಗಳೂರಿನಿಂದ. ಗಂಡು ತಿಪ್ಪೇಸ್ವಾಮಿ, ಹಿಟ್ಟಿನ ಗಿರಣಿಯವರು. ಜೊತೆಗೆ ಬಾಯಿ ದೊಡ್ಡದಾದ ಒಬ್ಬ ಸೋದರಮಾವ. ಗಿರಣಿಯ ಸದ್ದಿನಲ್ಲಿ ಬೆಳೆದ ತಿಪ್ಪೇಸ್ವಾಮಿಗೆ ಕಿವಿ ಅರ್ಧ ಮಂದ. ಅವರು ಹಜಾರದಲ್ಲಿ ಕೂತ ಕೂಡಲೇ ಅತ್ತೆ ನನ್ನ ಕಿವಿಯಲ್ಲಿ, ‘ಕಿವುಡಂಗೆ ಕೊಡಾಕಿಲ್ಲ’ ಎಂದರು. ಕಿವುಡರಿಗೂ ಕೇಳುವಷ್ಟು ಗಟ್ಟಿಯಾಗಿ ಎಂದರು.

ನೀಲಮ್ಮ ಉಪ್ಪಿಟ್ಟು ತಂದಿಟ್ಟಳು. ಹಿಂದೆ ಬಂದ ಗಂಡುಗಳು ತಟ್ಟೆ ನೋಡುತ್ತಿದ್ದರು, ಇಲ್ಲವೆ ಅವಳನ್ನು ನೋಡುತ್ತಿದ್ದರು. ಇವರು ತಲೆಯೆತ್ತಿ, ಅರ್ಧ ಕಿವುಡರು ಮಾತಾಡುವ ಹಾಗೆ ದೊಡ್ಡ ದನಿಯಲ್ಲಿ ಕೇಳಿದರು:

‘ನಮ್ಮದು ಗಿರಣಿ ಮಗ್ಗಲಾಗೇ ಮನೆ. ದಿನಾ ಸದ್ದು ಐತೆ. ನಿಮಗೆ ಆಗಿ ಬರ್ತೈತಾ?’

ಹುಡುಗಿಯನ್ನು ಹಾಗೆ ನೇರ ಕೇಳುವ ರೂಢಿ ನಮ್ಮಲ್ಲಿರಲಿಲ್ಲ. ನೀಲಮ್ಮ ಬಾಯಿ ತೆರೆಯುವ ಮೊದಲೇ ಅತ್ತೆ, ‘ಅವಳೇನು ಹೇಳ್ತಾಳೆ, ನಾವು ಹೇಳ್ತೀವಿ. ಒಳಗೆ ನಡಿಯೇ’ ಎಂದು ಅವಳನ್ನು ಕೋಣೆಗೆ ಕಳಿಸಿದರು. ಜಗಲಿಗೆ ಕಿಟಕಿ ಇರುವ ಕೋಣೆ ಅದು. ಅಲ್ಲಿ ಕೂತು ಅತ್ತಳೋ ಏನೋ ಎಂದು ನಾನಂದುಕೊಂಡೆ.

ಸೋದರಮಾವ ಮಾತು ಶುರು ಮಾಡಿದ. ಹುಡುಗನಿಗೆ ಬೀಡಿಯಿಲ್ಲ, ಇಸ್ಪೀಟಿಲ್ಲ ಎಂದ. ಬೀದಿ ಬಾಗಿಲ ಕಡೆಯಿಂದ ‘ಟಕ್ ಟಕ್ ಟಕ್’ ಎಂದಿತು.

ಅತ್ತೆಯ ಬೆರಳು ನೆಲಕ್ಕೆ ಹೋಯಿತು. ಸೋದರಮಾವನದೂ ಹೋಯಿತು. ತಿಪ್ಪೇಸ್ವಾಮಿ ಮಾತ್ರ ಏನಾಯಿತು ಎಂದು ಎಲ್ಲರ ಮುಖ ನೋಡಿದರು. ಹಲ್ಲಿ ನುಡೀತಪ್ಪ ಎಂದು ಸೋದರಮಾವ ಅವರ ಕಿವಿಯಲ್ಲಿ ಕೂಗಿದ.

ನಾನು ಇವರ ಮುಖ ನೋಡಿದೆ. ಇವರು ನನ್ನ ಮುಖ ನೋಡಿದರು. ಅದು ಯಾವ ಹಲ್ಲಿ ಎಂದು ಮನೆಯಲ್ಲಿ ಗೊತ್ತಿದ್ದವರು ನಾವಿಬ್ಬರೇ. ಅತ್ತೆ ಆ ಗಾಡಿಯ ಹತ್ತಿರ ಸುಳಿದವರೇ ಅಲ್ಲ. ಈ ಮನುಷ್ಯ ಸ್ವಿಚ್ಚು ಆರಿಸುವುದು ಮರೆತಿದ್ದಾರೆ, ಹನಿ ಸೋರುತ್ತಿದೆ, ಪಂಪು ತುಂಬಿಕೊಳ್ಳುತ್ತಿದೆ. ಎದ್ದು ಹೋಗಿ ಆರಿಸಬೇಕೆಂದು ಮೊಣಕಾಲಿಗೆ ಕೈ ಕೊಟ್ಟೆ. ಇವರು ಕಣ್ಣಲ್ಲೇ ಕೂತ್ಕೊ ಎಂದರು. ಕೂತೆ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುವ ನನ್ನ ಬಾಯಿ ಹುಟ್ಟಿದಾಗಿನಿಂದ ಮೊದಲ ಸಲ ಸುಮ್ಮನಿತ್ತು.

ಗಿರಣಿ ಹುಡುಗನ ಹೆಸರಿಗೇ ಐತೆ ಎಂದ ಸೋದರಮಾವ. ‘ಟಕ್ ಟಕ್.’ ಶಿವ ಶಿವ. ಹುಡುಗನಿಗೆ ಕೋಪವೇ ಬರಲ್ಲ ಎಂದ. ‘ಟಕ್ ಟಕ್ ಟಕ್.’ ಶಿವ ಶಿವ. ಹಲ್ಲಿ ತನ್ನ ಪಕ್ಷ ಎಂದು ತಿಳಿದ ಮೇಲೆ ಆತನಿಗೆ ಉಮೇದು ಬಂತು. ಮನೆಯಲ್ಲಿ ನಾಲ್ಕು ಎಮ್ಮೆ ಅವೆ ಎಂದ.

ಸದ್ದಿಲ್ಲ. ಅತ್ತೆ ಕತ್ತು ಹೊರಳಿಸಿ ಬಾಗಿಲ ಕಡೆ ನೋಡಿದರು. ಆತ ಬೆವರಿದ. ಮೂರು ಅಂದುಕೊಳ್ಳಿ ಎಂದ. ಸದ್ದಿಲ್ಲ. ಎರಡು ಎಂದ. ಸದ್ದಿಲ್ಲ. ಕೊನೆಗೆ ತಲೆ ತಗ್ಗಿಸಿ, ‘ಒಂದೈತೆ. ಅದೂ ಗೊಡ್ಡು’ ಎಂದ.

‘ಟಕ್ ಟಕ್ ಟಕ್ ಟಕ್.’

ಅತ್ತೆ ಎರಡೂ ಕೈಯಲ್ಲಿ ನೆಲ ತಟ್ಟಿದರು. ಇಷ್ಟು ನಿಯತ್ತಿನ ಹಲ್ಲಿಯನ್ನು ತಾವು ಕಂಡಿಲ್ಲ ಎಂದರು. ಕಿವಿ ಮಂದವಾದರೆ ಹೆಂಡತಿಯ ಬೈಗುಳ ತಾಗುವುದಿಲ್ಲ, ಸಂಸಾರಕ್ಕೆ ಒಳ್ಳೆಯದೇ ಎಂದೂ ಅವರೇ ಹೇಳಿದರು. ಅವತ್ತೇ ಎಲೆಅಡಿಕೆ ಬದಲಾಯಿಸಿದೆವು.

ಮದುವೆಯಾಯಿತು. ನೀಲಮ್ಮ ಜಗಳೂರಿಗೆ ಹೋಗಿ ಗಿರಣಿಯ ಸದ್ದಿನಲ್ಲಿ ಎರಡು ಮಕ್ಕಳನ್ನು ಹೆತ್ತು, ಗಟ್ಟಿಯಾಗಿ ಮಾತಾಡುವುದನ್ನು ಕಲಿತಳು. ಪಟಪಟಿ ಇನ್ನೂ ನಾಲ್ಕು ವರ್ಷ ಓಡಿ ಗುಜರಿಗೆ ಹೋಯಿತು. ಅತ್ತೆ ಹೋದರು. ಇವರೂ ಹೋಗಿ ಹನ್ನೆರಡು ವರ್ಷವಾಯಿತು. ಆ ಮದುವೆ ಮಾಡಿಸಿದ್ದು ನಾನು ಬಾಯಿ ಮುಚ್ಚಿಕೊಂಡಿದ್ದರಿಂದ ಎಂದು ಇಷ್ಟು ವರ್ಷವೂ ಕಂಡಕಂಡವರಿಗೆ ಹೇಳಿಕೊಂಡು ಬಂದಿದ್ದೇನೆ. ಬಾಯಿ ಮುಚ್ಚಿದ್ದನ್ನು ನನ್ನಷ್ಟು ಬಾಯಿ ತೆರೆದು ಹೇಳಿದವರು ಬೇರೆ ಇರಲಾರರು.

ಸ್ಕೂಟರು ಪೂಜೆಯ ದಿನವೂ ಸಹನಾಳಿಗೆ ಇದನ್ನೇ ಹೇಳಿದೆ. ನಾಲ್ಕು ದಿನ ಇದ್ದು ಹೋಗಲು ಬಂದಿದ್ದ ನೀಲಮ್ಮ ಪಕ್ಕದಲ್ಲೇ ಕೂತು ಎಲೆ ಹಾಕುತ್ತಿದ್ದಳು. ನನ್ನ ಕಥೆ ಮುಗಿದ ಮೇಲೆ ಸುಣ್ಣದ ಬೆರಳು ಒರೆಸಿಕೊಂಡು ಕೇಳಿದಳು:

‘ಅತ್ತಿಗೆ, ಆ ವೈರು ಎಷ್ಟು ಉದ್ದ ಇತ್ತು?’

‘ಹತ್ತು ಮೊಳ.’

‘ಗಾಡಿಯಿಂದ ಕೋಣೆ ಕಿಟಕಿಗೆ ಎಷ್ಟು ದೂರ?’

ನಾನು ಜಗಲಿಯನ್ನು ನೋಡಿದೆ. ಕಿಟಕಿಯನ್ನು ನೋಡಿದೆ. ಆರು ಮೊಳವೂ ಇಲ್ಲ.

‘ಅಣ್ಣ ಸ್ವಿಚ್ಚು ಮರೆತಿರಲಿಲ್ಲ’ ಎಂದಳು ನೀಲಮ್ಮ. ‘ನನ್ನ ಕೈಯಾಗಿತ್ತು. ಅವರೊಬ್ಬರೇ ನನ್ನ ಕೇಳಿದ್ದು, ಆಗಿ ಬರ್ತೈತಾ ಅಂತ. ನೀವೆಲ್ಲ ಹಲ್ಲೀನ ಕೇಳಿದ್ರಿ. ಅದಕ್ಕೆ ಹಲ್ಲಿ ಕೈಲೇ ಹೇಳಿಸಿದೆ.’

ಎಮ್ಮೆಯ ಲೆಕ್ಕ ನಿನಗೆ ಹೆಂಗೆ ಗೊತ್ತಿತ್ತೇ ಎಂದು ಕೇಳಿದೆ.

‘ನನಗೆಲ್ಲಿ ಗೊತ್ತಿತ್ತು? ನಾಲ್ಕು ಅಂದ ಕೂಡಲೇ ಕೈ ತಡೀತು. ಅಷ್ಟು ಸೆಗಣಿ ಬಾಚೋರು ಯಾರು? ಒಂದಕ್ಕೆ ಇಳಿಸೋ ತನಕ ಸುಮ್ಮನಿದ್ದೆ.’

ನಲವತ್ತು ವರ್ಷ ನನ್ನದೆಂದು ಹೇಳಿಕೊಂಡ ಜಾಣತನ ಹೀಗೆ ಒಂದು ಎಲೆ ಜಗಿಯುವಷ್ಟರಲ್ಲಿ ಕೈಬಿಟ್ಟು ಹೋಯಿತು. ನಾದಿನಿಯ ಬಾಯಿಗಿಂತ ನನ್ನ ಬಾಯಿ ದೊಡ್ಡದೆಂದುಕೊಂಡಿದ್ದೆ. ಅವಳು ಬಾಯನ್ನು ಬಳಸಿಯೇ ಇರಲಿಲ್ಲ.

ಅದರ ಹಿಂದಿನ ವಾರ ದಾವಣಗೆರೆಯವರು ಸಹನಾಳನ್ನು ನೋಡಿಕೊಂಡು ಹೋಗಿದ್ದರು. ಮಗ, ಸೊಸೆ, ನಾನು ಕೂತು ಹೂಂ ಅನ್ನೋಣ ಎಂದು ಮಾತಾಡಿಕೊಂಡಿದ್ದೆವು. ಅದು ಆಗ ನೆನಪಾಯಿತು.

‘ಆ ದಾವಣಗೆರೆ ಹುಡುಗನ ಬಗ್ಗೆ ನಿನ್ನ ಯಾರಾದ್ರೂ ಕೇಳಿದ್ರೇನೇ?’ ಎಂದೆ.

ಸಹನಾ ಕೀ ತಿರುಗಿಸಿದಳು. ‘ಝೂಂ.’ ಆರಿಸಿ ಮತ್ತೆ ತಿರುಗಿಸಿದಳು. ಮತ್ತೆ ‘ಝೂಂ.’ ಹಳೆಯ ಪಂಪಿಗೆ ಎಮ್ಮೆ ಎಷ್ಟೆಂಬ ವಿವೇಚನೆಯಾದರೂ ಇತ್ತು. ಇದು ಕೇಳಿದ್ದಕ್ಕೆಲ್ಲ ಹೂಂ ಅನ್ನುವ ಜಾತಿ. ಅದು ಬೇಡ, ಬಾಯಲ್ಲಿ ಹೇಳು ಎಂದೆ.

ಹೇಳಿದಳು. ಅವಳಿಗೆ ಬೇಡವಾಗಿತ್ತು.

ಮಗನ ಫೋನು ತರಿಸಿ ನಾನೇ ದಾವಣಗೆರೆಗೆ ಹಚ್ಚಿದೆ. ಆ ಕಡೆ ಹುಡುಗನ ಅಜ್ಜಿ, ನನ್ನದೇ ವಯಸ್ಸಿನವಳು. ಬೇಡವೆಂದೆ. ಆಕೆ, ಯಾಕ್ರೀ, ಹಲ್ಲಿ ಗಿಲ್ಲಿ ನುಡೀತೇನು ಎಂದು ಕೇಳಿದಳು.

‘ಇಲ್ಲ ಕಣ್ರೀ,’ ಎಂದೆ. ‘ಹುಡುಗಿ ನುಡಿದಳು.’